ಹಾಡು ನುಂಗಿದ ದನಿ

ನಮ್ಮ ವಿಡಿಯೋ ಕಸುಬಿನಲ್ಲಿ ಕೆಲಸಕ್ಕೆ ಬರ ಇಲ್ಲ. ಜನ ಮದುವೆಯಾಗುವುದನ್ನೂ ಬಿಟ್ಟಿಲ್ಲ, ಸಾಯುವುದನ್ನೂ ಬಿಟ್ಟಿಲ್ಲ. ಎರಡಕ್ಕೂ ವಿಡಿಯೋ ಬೇಕು, ವಿಡಿಯೋಗೆ ಹಾಡು ಬೇಕು.

ಎಂ.ಎ. ಓದುವಾಗ ಸಿನಿಮಾದಲ್ಲಿ ಸಂಗೀತದ ಮಹತ್ವ ಎಂಬ ವಿಷಯದ ಮೇಲೆ ಅರವತ್ತು ಪುಟ ಬರೆದಿದ್ದೆ. ಸಂಗೀತ ಇಲ್ಲದೆಯೂ ಸಿನಿಮಾ ನಿಲ್ಲುತ್ತದೆ ಎಂಬುದು ನನ್ನ ತೀರ್ಮಾನ. ಮೇಷ್ಟ್ರು ಓದದೆ ಸಹಿ ಹಾಕಿದರು. ಆಮೇಲೆ ಹೊಸದುರ್ಗಕ್ಕೆ ಬಂದು ಸ್ಟುಡಿಯೋ ತೆರೆದೆ. ಮೊದಲ ವಾರದಲ್ಲೇ ತೀರ್ಮಾನ ಬಿದ್ದುಹೋಯಿತು.

ನಮ್ಮಲ್ಲಿ ಮಿಕ್ಸಿಂಗ್ ಎಂದರೆ ಇಷ್ಟು: ಕ್ಯಾಮೆರಾದಲ್ಲಿ ಸಿಕ್ಕ ಶಬ್ದವನ್ನೆಲ್ಲ ಅಳಿಸಬೇಕು, ಆ ಜಾಗದಲ್ಲಿ ಸಿನಿಮಾ ಹಾಡು ಕೂರಿಸಬೇಕು. ಪಾತ್ರೆ ಸದ್ದು, ಮಕ್ಕಳ ಅಳು, ಐನೋರ ಕೆಮ್ಮು ಯಾರಿಗೆ ಬೇಕು ಎಂಬುದರಲ್ಲಿ ಇಡೀ ಜಿಲ್ಲೆಗೆ ಒಮ್ಮತವಿದೆ. ಈ ಒಮ್ಮತದ ಫಲವನ್ನು ಹೋದ ವರ್ಷ ಒಂದು ಸಾವಿನ ಮನೆಯಲ್ಲಿ ಉಂಡೆ.

ಕಾಣದವರಿಗೆ ವಿಡಿಯೋ

ಕೊಬ್ಬರಿ ಮಂಡಿಯಲ್ಲಿ ಹರಾಜು ಕೂಗುತ್ತಿದ್ದ ಯಜಮಾನರು ತೀರಿಕೊಂಡರು. ಅವರು ಮಂಡಿಯಲ್ಲಿ ಬಾಯಿ ತೆರೆದರೆ ಬಸ್ ಸ್ಟ್ಯಾಂಡಿನಲ್ಲಿ ನಿಂತವರು ತಿರುಗಿ ನೋಡುತ್ತಿದ್ದರು. ಮೂರನೇ ದಿನ ಅವರ ಮಗ ನನ್ನನ್ನು ಮನೆಗೆ ಕರೆಸಿದ. ಹನ್ನೊಂದನೇ ದಿನದ ಶಿವಗಣಾರಾಧನೆಗೆ ದೊಡ್ಡ ಪರದೆ ಕಟ್ಟಿಸುತ್ತಿದ್ದಾನೆ, ಅದರಲ್ಲಿ ಅಪ್ಪನ ಹದಿನೈದು ನಿಮಿಷದ ವಿಡಿಯೋ ಬರಬೇಕು.

“ವಯೊಲಿನ್ ಹಾಕ್ರಿ ಸಾರ್. ಬಂದೋರೆಲ್ಲ ಅಳ್ಬೇಕು. ಹೋದ ತಿಂಗ್ಳು ನಮ್ಮ ದಾಯಾದಿ ಮನೇಲಿ ಹಾಕ್ಸಿದ್ರು, ಒಬ್ರೂ ಅಳ್ಲಿಲ್ಲ. ಕೊಳಲು ಹಾಕಿದ್ರಂತೆ.”

ಒಳಗೆ ಗೋಡೆಗೆ ಒರಗಿ ಅವನ ತಾಯಿ ಕುಳಿತಿದ್ದರು. ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಹೋಗಿ ಆರು ವರ್ಷವಾಗಿತ್ತು.

“ಪರದೆ ಎಷ್ಟು ದೊಡ್ದಾದ್ರೆ ನನಗೇನು ಕಾಣ್ತೈತಪ್ಪ?” ಎಂದರು. “ಅವರು ಮಾತಾಡಿದ್ದು ಐತಾ ನಿನ್ನತ್ರ? ಒಂದೇ ಒಂದು ಮಾತು ಸಾಕು. ಅವತ್ತು ಕೇಳ್ಸಿಬಿಡು.”

“ಐತಮ್ಮ. ನಿಮ್ಮನೆ ಕಾರ್ಯ ಎಲ್ಲಾ ನಾನೇ ತೆಗ್ದಿರದು. ಬೇಕಾದಷ್ಟೈತೆ,” ಎಂದೆ. ಯೋಚಿಸದೆ ಕೊಟ್ಟ ಮಾತು.

ಹೊರಗೆ ಬಂದು ಮಗನನ್ನು ಕೇಳಿದೆ: “ನಿನ್ನ ಫೋನಿನಾಗೆ ಅಪ್ಪನ ದನಿ ಐತೇನಪ್ಪ?”

“ಅಪ್ಪ ಫೋನ್ ಎಲ್ಲಿ ಮಾಡ್ತಿದ್ರು ಸಾರ್? ಮನೇಲಿ ನಿಂತು ಕೂಗಿದ್ರೆ ನನ್ನ ಅಂಗಡಿಗೆ ಕೇಳ್ತಿತ್ತು.”

ಚಿತ್ರದುರ್ಗದ ಮದುವೆ

ಮೊದಲು ತೆರೆದದ್ದು ಅವರ ಮಗಳ ಮದುವೆ. ಚಿತ್ರದುರ್ಗದ ಕಲ್ಯಾಣ ಮಂಟಪ, ಎರಡು ದಿನ, ಮೂರು ಕ್ಯಾಮೆರಾ. ತೆಗೆದ ಅಸಲು ಚಿತ್ರವನ್ನು ಅಳಿಸಿ ವರ್ಷಗಳಾಗಿದ್ದವು, ಕ್ಯಾಮೆರಾದ ಮೆಮೊರಿ ಕಾರ್ಡು ಮುಂದಿನ ಮದುವೆಗೆ ಬೇಕಲ್ಲ. ಉಳಿದದ್ದು ಮಿಕ್ಸಿಂಗ್ ಆದದ್ದು. ಅದರಲ್ಲಿ ಯಜಮಾನರು ಬೀಗರ ಮುಂದೆ ಕೈಮುಗಿದು ಬಾಯಿ ತೆರೆದರೆ ಒಬ್ಬ ಗಾಯಕಿಯ ದನಿ ಬರುತ್ತದೆ. ನಲ್ಲ ಇನ್ನೂ ಯಾಕೆ ಬರಲಿಲ್ಲ ಎಂದು ಆ ದನಿ ಕೊರಗುತ್ತದೆ. ಬೀಗರು ಗಂಭೀರವಾಗಿ ತಲೆಯಾಡಿಸುತ್ತಾರೆ.

ಮಗಳನ್ನು ಕಳಿಸಿಕೊಡುವ ಹೊತ್ತಿಗೆ ಅವರು ಅವಳ ಕಿವಿಯ ಹತ್ತಿರ ಬಾಗಿ ಏನೋ ಹೇಳುತ್ತಾರೆ. ಮುಖ ನೋಡಿದರೆ ಜೀವಮಾನದಲ್ಲಿ ಒಮ್ಮೆ ಆಡುವ ಮಾತು. ಅದರ ಮೇಲೆ ನಾನು ಇಡೀ ವಾದ್ಯಗೋಷ್ಠಿಯನ್ನು ಸುರಿದಿದ್ದೆ.

ಮಗಳಿಗೆ ಫೋನ್ ಮಾಡಿದೆ. “ಅವತ್ತು ಅಪ್ಪ ಏನು ಹೇಳಿದ್ರಮ್ಮ?”

“ಮೊದ್ಲು ನೆನಪಿತ್ತಣ್ಣ. ಆ ವಿಡಿಯೋನ ನೂರು ಸಲ ನೋಡಿದೀನಿ. ಈಗ ಅದನ್ನ ನೆನೆಸ್ಕಂಡ್ರೆ ಹಾಡೇ ಬರ್ತೈತೆ.” ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. “ಹಾಡು ಮಾತ್ರ ಚೆನ್ನಾಗೈತೆ. ಯಾವ ಸಿನಿಮಾದ್ದಣ್ಣ?”

ಹಿರಿಯೂರಿನ ಕುಣಿತ

ಎರಡನೆಯದು ಹಿರಿಯೂರಿನಲ್ಲಿ, ಅವರ ಭಾಮೈದನ ಗೃಹಪ್ರವೇಶ. ಅಲ್ಲಿ ಯಜಮಾನರು ಕಾಲು ಗಂಟೆ ಎಡೆಬಿಡದೆ ಮಾತಾಡಿದ್ದರು. ಕಾರಣ, ಕರೆಯೋಲೆಯಲ್ಲಿ ಆ ಮನೆಯ ಹಿರಿಯ ಅಳಿಯರಾದ ಅವರ ಹೆಸರು ಕಿರಿಯ ಅಳಿಯನ ಹೆಸರಿನ ಕೆಳಗೆ ಅಚ್ಚಾಗಿತ್ತು. ಅವರೂ ಭಾಮೈದನೂ ಎದುರುಬದುರು ನಿಂತು ಕೈ ಬೀಸಿ, ನೆಲಕ್ಕೆ ಕಾಲು ಅಪ್ಪಳಿಸಿ, ಹೆಗಲ ಟವೆಲ್ಲು ಕೊಡವಿ ಜಗಳವಾಡಿದರು. ಮಿಕ್ಸಿಂಗ್ ಮಾಡುವಾಗ ಇದನ್ನು ಕತ್ತರಿಸೋಣ ಎಂದುಕೊಂಡೆ. ಹಾಗೇ ನೋಡಲು ಒಂದು ತಮಟೆ ಹಾಡು ಹಾಕಿದೆ. ಕೈಕಾಲು ತಾಳಕ್ಕೆ ಸರಿಯಾಗಿ ಬಿದ್ದವು. ಕತ್ತರಿಸದೆ ಉಳಿಸಿಕೊಂಡೆ.

ಮೂಲ ಚಿತ್ರದ ಪ್ರತಿ ಏನಾದರೂ ಇದೆಯೇ ಎಂದು ಭಾಮೈದನನ್ನು ಕೇಳಿದೆ.

“ಅವತ್ತಿಂದ ಎರಡು ವರ್ಷ ಮಾತು ಬಿಟ್ಟಿದ್ವಿ,” ಎಂದರು. “ಆಮೇಲೆ ಒಂದಿನ ಟಿವೀಲಿ ನಿನ್ನ ವಿಡಿಯೋ ನೋಡಿದ್ವಿ. ಇಬ್ರೂ ಎಷ್ಟು ಚೆಂದ ಕುಣಿದೀವಿ ಅಂತ ನಗು ಬಂತು. ರಾಜಿ ಆದ್ವಿ. ಅವರೇನಂದ್ರು, ನಾನೇನಂದೆ, ಎಲ್ಲಾ ಮರ್ತೋತು.”

“ನಿಮ್ಮಕ್ಕಾರಿಗೆ ಅವರ ದನಿ ಬೇಕಂತೆ ಅಣ್ಣ. ಎಲ್ಲಾದ್ರೂ ಸಿಕ್ಕಬಹುದಾ?”

“ಹುಡುಕಬ್ಯಾಡ ಕಣಪ್ಪ. ಸಿಕ್ರೆ ನಾನು ತಿಥಿಗೆ ಬರಲ್ಲ.”

ಹೊಳಲ್ಕೆರೆಯ ತಂತ್ರಜ್ಞ

ಮಗನ ನಿಶ್ಚಿತಾರ್ಥವನ್ನು ಮಾತ್ರ ಹೊಳಲ್ಕೆರೆಯ ಇನ್ನೊಬ್ಬ ಸ್ಟುಡಿಯೋದವ ತೆಗೆದಿದ್ದ. ಎಂಟನೇ ದಿನ ಬೈಕ್ ಹತ್ತಿ ಹೋದೆ. ನಮಗಿಂತ ಮುಂದುವರಿದವನು, ಹೊಸ ಕಂಪ್ಯೂಟರು ಇಟ್ಟಿದ್ದ.

“ಕ್ಯಾಮೆರಾ ಶಬ್ದನಾ?” ಎಂದ. “ಅದನ್ಯಾರು ಇಟ್ಕಂತಾರೆ? ಕುಂತ್ಕಳ್ರಿ, ಟೀ ಕುಡೀರಿ. ಈಗ ಕಂಪ್ಯೂಟರೇ ಸತ್ತೋರ ದನಿ ಮಾಡಿಕೊಡ್ತೈತೆ. ಏನು ಬೇಕೋ ಅದು ಹೇಳ್ಸಬಹುದು. ‘ಎಲ್ರೂ ಚೆನ್ನಾಗಿರ್ರಿ’ ಅಂತ ಆಶೀರ್ವಾದ ಮಾಡ್ಸಾಣ.”

ಯಜಮಾನರು ಬದುಕಿದ್ದಾಗ ಯಾರಿಗೂ ಹಾಗೆ ಹೇಳಿದವರಲ್ಲ. ಆದರೆ ಹನ್ನೊಂದನೇ ದಿನಕ್ಕೆ ಮೂರೇ ದಿನ ಉಳಿದಿತ್ತು, ಆ ಹೆಂಗಸಿಗೆ ಮಾತು ಕೊಟ್ಟಿದ್ದೆ.

“ಆಯ್ತು. ಮಾಡಿಕೊಡ್ರಿ,” ಎಂದೆ.

“ಹತ್ತು ನಿಮಿಷದ ಕೆಲ್ಸ,” ಎಂದು ಅವನು ಕುರ್ಚಿ ಎಳೆದುಕೊಂಡು ಕೂತ. “ಎಲ್ಲಿ, ಅವರು ಮಾತಾಡಿರೋದು ಒಂದು ನಿಮಿಷ ಕೊಡ್ರಿ.”

ಹನ್ನೊಂದನೇ ದಿನ

ಹತ್ತನೇ ದಿನ ಮೊಮ್ಮಗನ ನಾಮಕರಣದ ವಿಡಿಯೋದಲ್ಲಿ ಯಜಮಾನರ ದನಿ ಸಿಕ್ಕಿತು. ಒಂದು ಹಾಡು ಮುಗಿದು ಮತ್ತೊಂದು ಶುರುವಾಗುವ ನಡುವೆ ಒಂಬತ್ತು ಸೆಕೆಂಡು ನಾನು ಏನೂ ಹಾಕಿರಲಿಲ್ಲ, ಕ್ಯಾಮೆರಾ ಶಬ್ದ ಅಳಿಸುವುದನ್ನೂ ಮರೆತಿದ್ದೆ. ಆಗ ಇದೇ ಮಗ ಬಂದು, ಇಲ್ಲಿ ಹಾಡು ನಿಂತೋಗೈತೆ, ಸರಿ ಮಾಡ್ರಿ ಎಂದು ಕೂಗಾಡಿದ್ದ. ಸೋಮಾರಿತನದಿಂದ ಮಾಡಿರಲಿಲ್ಲ. ಈ ವೃತ್ತಿಯಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ.

ಮಗನಿಗೆ ಹೇಳಿದೆ. “ಕೇಳ್ಸೋದೇನು ಬ್ಯಾಡ, ಕೊನೇಲಿ ಹಾಕಿಬಿಡ್ರಿ,” ಎಂದ. “ಹಿಂದೆ ಸಣ್ಣಗೆ ವಯೊಲಿನ್ ಇರ್ಲಿ ಸಾರ್.” ಆಗಲಿ ಎಂದು ಹೇಳಿ, ಹಾಕಲಿಲ್ಲ.

ಹೊಸದುರ್ಗದ ಸಮುದಾಯ ಭವನದಲ್ಲಿ ಮುನ್ನೂರು ಜನ ಸೇರಿದ್ದರು. ವೇದಿಕೆಯ ಮೇಲೆ ಸ್ವಾಮಿಗಳು. ವಿಡಿಯೋ ಆದ ಮೇಲೆ ಆಶೀರ್ವಚನ, ಅದಾದ ಮೇಲೆ ಪ್ರಸಾದ. ಮುಂದಿನ ಸಾಲಿನಲ್ಲಿ ಯಜಮಾನರ ಹೆಂಡತಿಯನ್ನು ಕುರ್ಚಿಯಲ್ಲಿ ಕೂರಿಸಿದ್ದರು. “ಕೊನೇಲಿ ಬರ್ತೈತಮ್ಮ,” ಎಂದು ಅವರ ಕಿವಿಯಲ್ಲಿ ಹೇಳಿ ಬಂದು ಗುಂಡಿ ಒತ್ತಿದೆ.

ಎರಡನೇ ನಿಮಿಷಕ್ಕೆ ವಯೊಲಿನ್ ಏರಿತು. ಸೆರಗು, ಟವೆಲ್ಲು, ಕರ್ಚೀಫು ಎಲ್ಲ ಕಣ್ಣಿಗೆ ಹೋದವು. ಯಜಮಾನರ ಗುರುತೇ ಇಲ್ಲದ ಅಡುಗೆಯವರೂ ಬಾಗಿಲಲ್ಲಿ ನಿಂತು ಅತ್ತರು. ಮಗ ದಾಯಾದಿಗಳ ಕಡೆ ತಿರುಗಿ ನೋಡಿದ. ಅವರೂ ಅಳುತ್ತಿದ್ದರು. ಅವನಿಗೆ ಸಮಾಧಾನವಾದಂತೆ ಕಂಡಿತು.

ಹದಿನೈದನೇ ನಿಮಿಷಕ್ಕೆ ಸಂಗೀತ ನಿಂತಿತು. ನಾಲ್ಕು ದೊಡ್ಡ ಸ್ಪೀಕರಿನಿಂದ ಆ ದನಿ ಹೊರಬಿತ್ತು:

“ಏಳ್ರಿ, ಏಳ್ರಿ, ಎಲೆ ಹಾಕೈತೆ. ಮಾತು ಆಮೇಲೆ ಆಡೀರಂತೆ. ಅನ್ನ ಆರ್ತೈತೆ, ಎಲ್ಲಾ ಊಟಕ್ಕೆ ನಡೀರಿ.”

ಮೂವತ್ತು ವರ್ಷ ಈ ಸೀಮೆಯ ಮದುವೆ, ನಾಮಕರಣ, ತಿಥಿಗಳಲ್ಲಿ ಜನರನ್ನು ಪಂಕ್ತಿಗೆ ಎಬ್ಬಿಸಿದ್ದು ಇದೇ ದನಿ. ಮುನ್ನೂರು ಜನರೂ ಎದ್ದರು. ಟವೆಲ್ಲು ಕಣ್ಣಿನಿಂದ ಹೆಗಲಿಗೆ ಹೋಯಿತು. ಹಿಂದಿನ ಎರಡು ಸಾಲಿನವರು ಊಟದ ಮನೆಯ ಬಾಗಿಲು ಮುಟ್ಟಿದರು. ವೇದಿಕೆಯ ಮೇಲೆ ಸ್ವಾಮಿಗಳೂ ಅರ್ಧ ಎದ್ದು, ಆಶೀರ್ವಚನ ಬಾಕಿ ಇರುವುದು ನೆನಪಾಗಿ ಕುಳಿತರು.

ಎಬ್ಬಿಸಿದವರು ಯಾರು ಎಂಬುದು ಜನರಿಗೆ ಆಮೇಲೆ ಹೊಳೆಯಿತು. ಎಲ್ಲರೂ ನಿಂತಲ್ಲೇ ನಿಂತರು.

ಎದ್ದಿರದವರು ಯಜಮಾನರ ಹೆಂಡತಿ ಮಾತ್ರ. ಕುರ್ಚಿಯ ಪಕ್ಕ ಕೈಯಾಡಿಸಿ ಕೋಲು ಹುಡುಕುತ್ತ, ಸ್ಪೀಕರಿನ ಕಡೆ ಮುಖ ತಿರುಗಿಸಿ, ಎಂದಿನ ಬೇಸರದಲ್ಲಿ ಹೇಳಿದರು:

“ತಡೀರಿ, ಬಂದೆ. ನಿಮಗೆ ಯಾವಾಗ್ಲೂ ಅವಸರ.”