ಬಿಸಿಲು ಬೆಳೆಯಲು ಹೊರಟ ನಮ್ಮಣ್ಣ

ನಮ್ಮಣ್ಣ ಸೂರ್ಯನನ್ನೇ ಆಳಾಗಿ ಇಟ್ಟುಕೊಳ್ಳಲು ಹೊರಟವನು. ನಗಬೇಡಿ! ಸೂರ್ಯ ಕೆಲಸಕ್ಕೆ ಬಂದದ್ದೂ ಉಂಟು. ಕೆಲಸ ಕೆಡಿಸಿದವರು ಬೇರೆ. ಯಾರು ಅಂತೀರಾ? ತಾಳಿ, ಹೇಳಲು ನನಗೂ ಸ್ವಲ್ಪ ಧೈರ್ಯ ಬರಲಿ.

ಹದಿನಾರು ಎಂಬ ನಮ್ಮೂರಿನಲ್ಲಿ ನಮಗೆ ನಾಲ್ಕು ಎಕರೆ ಗದ್ದೆ. ಅಣ್ಣ ಹಗಲೆಲ್ಲ ನಂಜನಗೂಡಿನ ರೈಸ್ ಮಿಲ್ಲಿನಲ್ಲಿ ದುಡಿಯುತ್ತಿದ್ದ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಕರೆಂಟು ಬಂದ ದಿನವೇ ಹಬ್ಬ. ಒಂದು ದಿನ ಎಲ್ಲಿಂದಲೋ ಸೋಲಾರ್ ಪ್ಲೇಟು, ಬ್ಯಾಟರಿ, ಬಲ್ಬು ತಂದು ತಾರಸಿಯ ಮೇಲೆ ಪ್ಲೇಟು ಕೂರಿಸಿದ. ಇದು ಬರೀ ಪರೀಕ್ಷೆಯಂತೆ! ಒಂದು ತಿಂಗಳು ಬಲ್ಬು ಚೆನ್ನಾಗಿ ಉರಿದರೆ ಗದ್ದೆ ತುಂಬ ಪ್ಲೇಟು ನೆಟ್ಟು ಕರೆಂಟು ಮಾರುವುದು.

"ಕಳೆ ಕೀಳಂಗಿಲ್ಲ, ಗೊಬ್ರ ಆಕಂಗಿಲ್ಲ, ಅಂದಿ ಕಾಟ ಇಲ್ಲ. ಬರೀ ಲಾಬ ಕಣ್ಲಾ!" ಎಂದು ಟೀ ಅಂಗಡಿಯಲ್ಲಿ ಸಾರಿದ.

"ರಾತ್ರಿ ಏನ್ಲಾ ಮಾಡೀಯೆ?" ಎಂದ ಪಕ್ಕದ ಮನೆಯವನು.

"ರಾತ್ರಿ ನಿನ್ ಬತ್ತ ಏನ್ಲಾ ಮಾಡ್ತದೆ? ಸುಮ್ಕೆ ನಿಂತಿರ್ತದೆ!"

ಅಣ್ಣನಿಗೆ ಹೆಣ್ಣು ಕೊಡಲು ಸೋಮನಾಥಪುರದಿಂದ ಹಿರಿಯರೊಬ್ಬರು ಬಂದರು. ಮನೆ ನೋಡಲು ತಾರಸಿ ಹತ್ತಿದರು. "ಯಜಮಾನ್ರೇ, ವಸಿ ಪಕ್ಕಕ್ ಬನ್ನಿ. ನಿಮ್ ನೆರಳು ನನ್ ಬೆಳೆ ಮ್ಯಾಲೆ ಬೀಳ್ತಾ ಅದೆ" ಎಂದ ಅಣ್ಣ. ಅವರು ಪಕ್ಕಕ್ಕೆ ಬರಲಿಲ್ಲ, ಸೀದಾ ಬಸ್ ಸ್ಟ್ಯಾಂಡಿಗೇ ಹೋದರು!

ಇಷ್ಟು ಜೋಪಾನ ಮಾಡಿದರೂ ಬಲ್ಬು ರಾತ್ರಿ ಊಟದ ಹೊತ್ತಿಗೇ ಕಣ್ಣು ಮುಚ್ಚುತ್ತಿತ್ತು. ಕಾರಣ ನಾನು, ಅವನ ಸ್ವಂತ ತಂಗಿ. ಅವನು ಮಿಲ್ಲಿಗೆ ಹೋದ ಕೂಡಲೇ ಆ ಪ್ಲೇಟಿನ ಮೇಲೆ ಅಕ್ಕಿ ಹಪ್ಪಳ ಒಣಗಿಸುತ್ತಿದ್ದೆ! ಗಾಜು ನುಣುಪು, ಕಾವು ಹದ. ಒಣಗಿದ ಹಪ್ಪಳ ತಾನೇ ಜಾರಿ ಕೆಳಗಿಟ್ಟ ಮೊರಕ್ಕೆ ಬೀಳುತ್ತಿತ್ತು. ಇಂಥ ಅನುಕೂಲ ಯಾವ ಚಾಪೆಯಲ್ಲಿದೆ ಹೇಳಿ? ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಪ್ಲೇಟು ಬಿಸಿಯಾದರೆ ಸಾಕು, ಕರೆಂಟು ಬರುತ್ತದೆ ಎಂದುಕೊಂಡಿದ್ದೆ.

ಭಾನುವಾರ ಮಾತ್ರ ಅಣ್ಣ ಮನೆಯಲ್ಲಿರುತ್ತಿದ್ದ. ಹಪ್ಪಳಕ್ಕೆ ರಜೆ. ಅವತ್ತು ಬಲ್ಬು ಧಗಧಗ!

"ಭಾನುವಾರ ಸೂರ್ಯಂದೇ ವಾರ ಅಲ್ವೇನಮ್ಮಿ, ಅದ್ಕೇ ಗೇಯ್ತಾನೆ" ಎಂದ ಅಣ್ಣ.

ನನಗೆ ಅರ್ಥವಾಗಿಹೋಯಿತು. ಆದರೂ ಬಾಯಿ ಬಿಡಲಿಲ್ಲ. ಬೈಗುಳಕ್ಕೆ ಹೆದರಿದೆ ಎಂದರೆ ಸುಳ್ಳಾಗುತ್ತದೆ; ಅವನು ಬೈದವನೇ ಅಲ್ಲ. ಮೊರದ ತುಂಬ ಗರಿಗರಿ ಹಪ್ಪಳ ಕಂಡರೆ ನನ್ನ ನಾಲಿಗೆಗೆ ಬೇರೆ ಕೆಲಸ ಇರುತ್ತಿತ್ತು, ಅಷ್ಟೆ!

ತಿಂಗಳು ಮುಗಿದ ದಿನ ಅಣ್ಣ ಊಟಕ್ಕೆ ಕೂತು ತೀರ್ಪು ಕೊಟ್ಟ: "ವಾರಕ್ ಒಂದೇ ದಿನ ಗೇಯೋ ಆಳ್ನ ನಂಬ್ಕೊಂಡು ಯವಸಾಯ ಆಗಕಿಲ್ಲ. ನಷ್ಟ." ಆಮೇಲೆ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡ. "ಅಪ್ಪಳ ಮಾತ್ರ ಬೋ ಸಂದಾಗದೆ ಕಣಮ್ಮಿ."

ಪ್ಲೇಟು ಇಳಿಯಿತು. ಊರು ಅವನಿಗೆ "ಬಿಸಿಲಪ್ಪ" ಎಂದು ಹೆಸರಿಟ್ಟಿತು. ಅವನೂ ಎಲ್ಲರ ಜೊತೆ ನಕ್ಕ. ಆದರೆ ಟೀ ಅಂಗಡಿಗೆ ಹೋಗುವುದನ್ನು ಬಿಟ್ಟ.

ಎಷ್ಟೋ ವರ್ಷದ ಮೇಲೆ ಟಿವಿಯಲ್ಲಿ ಯಾವುದೋ ದೇಶದ ಬಯಲು ತೋರಿಸಿದರು. ಕಣ್ಣು ಹಾಯುವಷ್ಟು ದೂರ ಪ್ಲೇಟೇ ಪ್ಲೇಟು! ಲಾಭ ಬರುತ್ತಿದೆಯಂತೆ. ಅಣ್ಣ ಕದಲದೆ ನೋಡಿದ. "ಅವ್ರ ಸೂರ್ಯ ಬ್ಯಾರೆ ಇರ್ಬೇಕು" ಎಂದ, ಮೆಲ್ಲಗೆ.

ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ.

ಅವನು ಟಿವಿ ಬಿಟ್ಟು ನನ್ನ ಕಡೆ ತಿರುಗಿದ. ಆಮೇಲೆ ಮಗುವಿನ ಹಾಗೆ ಕೇಳಿದ: "ಅಂಗಾದ್ರೆ ನಾನು ದಡ್ಡ ಅಲ್ಲ ಅಂತೀಯೇನಮ್ಮಿ?"

"ಅಲ್ಲ ಕಣಣ್ಣ" ಎನ್ನುವಷ್ಟರಲ್ಲಿ ನನಗೆ ಅಳು ಬಂತು.

ಹೆಗಲ ಮೇಲಿನ ಟವೆಲ್ಲಿನಿಂದ ನನ್ನ ಮುಖ ಒರೆಸಿದ. "ಅಳ್ಬ್ಯಾಡ ಸುಮ್ಕಿರು. ಒಂದ್ ಮಾತು ಏಳಿದ್ರೆ ಅಪ್ಪಳಕ್ಕೂ ಒಂದ್ ಪ್ಲೇಟು ತಂದಿರ್ತಿದ್ದೆ."