ಅತ್ತೆಯ ಹಾಡುಗಳ ಬಿಪಿ

ಮಡಿಲಲ್ಲಿ ಎಲೆಅಡಿಕೆ ಚೀಲ ಇಟ್ಟುಕೊಂಡು ಕೆಲಸ ಮಾಡುವ ಡಿಜೆ ಕೆಂಪಾಪುರದಲ್ಲಿ ಒಬ್ಬರೇ ಇದ್ದಾರೆ. ಅವರು ನನ್ನ ಸೋದರತ್ತೆ. ವಯಸ್ಸು ಎಪ್ಪತ್ತೊಂದು. ನಗಬೇಡಿ! ಮೊದಮೊದಲು ನಾನೂ ನಕ್ಕಿದ್ದೆ. ಈಗ ಅಷ್ಟು ಸುಲಭವಾಗಿ ನಗು ಬರುವುದಿಲ್ಲ. ಯಾಕೆ ಎಂಬುದನ್ನು ಅವಸರ ಮಾಡದೆ, ಕಂಡದ್ದನ್ನು ಕಂಡ ಹಾಗೆ ಹೇಳಬೇಕು.

ಅತ್ತೆಯ ಮನೆಯ ಹಜಾರದಲ್ಲಿ ಪ್ರತಿ ಶುಕ್ರವಾರ ಸಂಜೆ ನಾಲ್ಕಕ್ಕೆ ಭಜನೆ. ಅತ್ತೆಯನ್ನು ಬಿಟ್ಟು ಹನ್ನೊಂದು ಜನ ಹೆಂಗಸರು. ಒಬ್ಬರು ಒಂದು ಸಾಲು ಹೇಳಿಕೊಡುವುದು, ಉಳಿದವರು ಅದನ್ನೇ ತಿರುಗಿ ಹೇಳುವುದು. ಹೇಳಿಕೊಡುವವರ ಕೈಯಲ್ಲಿ ಒಂದು ಜೊತೆ ಹಿತ್ತಾಳೆ ತಾಳ. ಮೂವತ್ತು ವರ್ಷದಿಂದ ಆ ತಾಳ ಅತ್ತೆಯ ಕೈಯಲ್ಲೇ ಇದೆ. ತೊಂದರೆ ಏನೆಂದರೆ, ಎರಡು ವರ್ಷದಿಂದ ಅತ್ತೆಗೆ ಕಿವಿ ಮಂದ. ಇದನ್ನು ಅವರು ಒಪ್ಪುವುದಿಲ್ಲ.

"ನನ್ನ ಕಿವಿ ನೆಟ್ಟಗಿದೆ ಕಣೋ. ಜನ ಮೆಲ್ಲಗೆ ಮಾತಾಡೋದು ಕಲ್ತ್‌ಬಿಟ್ಟಿದ್ದಾರೆ" ಎನ್ನುತ್ತಾರೆ.

ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವಾಗಲೇ ಎಡವಟ್ಟು. ಹೆಂಗಸರು ಒಂದು ಶ್ರುತಿಯಲ್ಲಿದ್ದರೆ ಅತ್ತೆ ಬೇರೊಂದು ಶ್ರುತಿಯಲ್ಲಿ. ಹಾಡು ಹೆಬ್ಬಾಳದಲ್ಲಿದ್ದರೆ ತಾಳ ಯಲಹಂಕ ತಲುಪಿರುತ್ತಿತ್ತು! ಪಕ್ಕದ ಬೀದಿಯ ಜಯಮ್ಮ ಒಂದು ದಿನ ಎಲ್ಲರ ಎದುರಿಗೇ, ಅತ್ತೆಗೆ ಕೇಳಿಸುವಷ್ಟು ಜೋರಾಗಿ ಹೇಳಿದರು: "ಅಕ್ಕಾ, ಇಂಗಾದ್ರೆ ಎಂಗೆ? ತಾಳ ನನ್ ಕೈಗೆ ಕೊಟ್ಬಿಡಿ. ನೀವು ಆಯಾಗಿ ಕೂತ್ಕೊಂಡು ನಮ್ ಜೊತೆ ಸಾಲು ಏಳಿ."

ಅತ್ತೆ ಅಂದು ರಾತ್ರಿ ಊಟ ಮಾಡಲಿಲ್ಲ. ತಾಳವಿಲ್ಲದ ಅತ್ತೆಯನ್ನು ನಾನೂ ಕಂಡವನಲ್ಲ.

ಅದೇ ವಾರ ನಮ್ಮ ನೆಂಟರ ಮಗಳ ಆರತಕ್ಷತೆ. ಅಲ್ಲಿ ಡಿಜೆ ಲ್ಯಾಪ್‌ಟಾಪ್ ಬಿಟ್ಟು ಊಟಕ್ಕೆ ಹೋದ. ಹಾಡುಗಳು ಮಾತ್ರ ತಾವಾಗಿಯೇ ಒಂದರೊಳಗೊಂದು ಕರಗುತ್ತ ಹೋಗುತ್ತಿದ್ದವು. ಎಲ್ಲೂ ತಡೆಯಿಲ್ಲ, ತಡವರಿಕೆಯಿಲ್ಲ. ಅತ್ತೆ ಪರದೆಯ ಮೇಲೆ ಓಡುವ ಅಲೆಗಳನ್ನು ನೋಡುತ್ತ ನಿಂತುಬಿಟ್ಟರು. ಆತ ಕೈ ತೊಳೆದು ಬರುವುದರೊಳಗೆ ಅಲೆಗಳಿಗೆ ಸರಿಯಾಗಿ ಬೆರಳಿನಲ್ಲಿ ತಾಳ ಹಾಕುತ್ತಿದ್ದರು.

"ಏನಪ್ಪಾ, ನೀನು ಅನ್ನ ಸಾರು ತಿಂದ್ ಬಂದ್ರೂ ಇದು ಕೆಲಸ ಮಾಡ್ತಿತ್ತಲ್ಲ! ಇದರ ಹೆಸರು ಬರ್ಕೊಡು."

ಹದಿನೈದೇ ದಿನ. ಭಜನೆಯ ಹೆಂಗಸರು ಹಾಡಿದ್ದು ಅತ್ತೆಯ ಫೋನಿನಲ್ಲಿ ಎಷ್ಟೋ ವರ್ಷದಿಂದ ರೆಕಾರ್ಡ್ ಆಗಿತ್ತಲ್ಲ, ಅದೆಲ್ಲ ನನ್ನ ಲ್ಯಾಪ್‌ಟಾಪಿಗೆ ಇಳಿಯಿತು. ಡಿಜೆ ಬರೆದುಕೊಟ್ಟ ಸಾಫ್ಟ್‌ವೇರು ಪ್ರತಿ ಹಾಡಿನ ವೇಗ ಅಳೆದು, ನಿಮಿಷಕ್ಕೆ ಎಷ್ಟು ಏಟು ಎಂದು ಪಕ್ಕದಲ್ಲಿ ಬರೆಯುತ್ತಿತ್ತು. ಬಿಪಿಎಂ ಎಂದು. ಅತ್ತೆಗೆ ಕಡೆಯ ಅಕ್ಷರ ಬೇಕಾಗಲಿಲ್ಲ.

"ನೋಡೋ, ಗಣಪತಿ ಹಾಡಿಗೆ ಬಿಪಿ ನೂರಿಪ್ಪತ್ತು, ದೇವಿ ಹಾಡಿಗೆ ಎಂಬತ್ತು."

"ನೂರಿಪ್ಪತ್ತು ಎಂಬತ್ತಾ? ನಾರ್ಮಲ್ ಅಲ್ವಾ ಅತ್ತೆ" ಎಂದೆ, ಕಿವಿಯ ಹತ್ತಿರ ಬಾಗಿ.

"ನಂದಕ್ಕಿಂತ ವಾಸಿ!"

ಬಿಪಿ ಹತ್ತಿರವಿರುವ ಹಾಡುಗಳನ್ನು ಸಾಫ್ಟ್‌ವೇರು ಪಕ್ಕಪಕ್ಕ ಕೂರಿಸಿ, ಎಲ್ಲವನ್ನೂ ಒಂದೇ ನಡೆಗೆ ತಂದು ಒಂದು ಗಂಟೆಯ ಸರ ಪೋಣಿಸಿಕೊಡುತ್ತಿತ್ತು. ನನ್ನ ಸ್ಪೀಕರ್‌ನಲ್ಲಿ ಹಾಡು ಬರುತ್ತದೆ, ಹೆಂಗಸರು ತಿರುಗಿ ಹೇಳುತ್ತಾರೆ. ಅತ್ತೆ ಪರದೆ ನೋಡಿಕೊಂಡು, ಅಲೆಯ ನೆತ್ತಿ ನಡುವಿನ ಗೆರೆ ದಾಟಿದಾಗಲೆಲ್ಲ ಒಂದು ಏಟು ಹಾಕುತ್ತಾರೆ. ಕಿವಿಯ ಗೊಡವೆಯೇ ಇಲ್ಲ! ಜಯಮ್ಮ ಮಾತ್ರ ಬಗ್ಗಲಿಲ್ಲ. "ಮೂರು ಸುಕ್ರವಾರ ನೋಡಾಣ. ಸರಿಯಾದ್ರೆ ಸರಿ, ಇಲ್ದಿದ್ರೆ ತಾಳ ನಂದು" ಎಂದರು. ಅತ್ತೆ ಒಪ್ಪಿದರು.

ಮೊದಲನೆಯ ಶುಕ್ರವಾರ. ಭಜನೆಯ ಕೊನೆಗೆ ಮಂಗಳ ಹಾಡಬೇಕು, ಮಂಗಳ ಶುರುವಾದರೆ ಎಲ್ಲರೂ ಎದ್ದು ನಿಲ್ಲಬೇಕು, ಆಮೇಲೆ ಕೂರಬಾರದು. ಇದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಸಾಫ್ಟ್‌ವೇರಿಗೆ ಯಾರು ಹೇಳಬೇಕು? ಅದು ಬಿಪಿ ನೋಡಿ ಮಂಗಳವನ್ನು ಮೂರನೆಯ ಹಾಡಾಗಿ ಕೂರಿಸಿತ್ತು. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಮಂಗಳ! ಒಳಗೆ ಕೋಸಂಬರಿಯ ಬೇಳೆ ಇನ್ನೂ ನೆನೆಯುತ್ತಿತ್ತು. ಹೆಂಗಸರು ಗಾಬರಿಯಿಂದ ಎದ್ದರು. ಮಂಗಳ ಕರಗಿ ನಾಲ್ಕನೆಯ ಹಾಡು ಬಂತು. ಮಂಗಳವಾಯಿತು, ಕೂರುವಂತಿಲ್ಲ, ಹಾಡು ನಡೆಯುತ್ತಿದೆ, ಹೊರಡುವಂತಿಲ್ಲ. ಹನ್ನೊಂದು ಜೊತೆ ಮಂಡಿಗಳು ಐವತ್ತು ನಿಮಿಷ ನಿಂತೇ ಭಜನೆ ಮಾಡಿದವು. ಅತ್ತೆ ಪರದೆಯಿಂದ ಕಣ್ಣೆತ್ತಿ, "ನೋಡಿದ್ಯಾ, ಹಾಡು ನಿಲ್ದೇ ಇದ್ರೆ ಭಕ್ತಿ ಹೆಂಗೆ ಏಳುತ್ತೆ!" ಎಂದರು.

ಎರಡನೆಯದನ್ನು ಹೇಳಲು ನನಗೆ ಸಂಕೋಚ. ಅತ್ತೆ ಯಲಹಂಕದ ಮಗಳಿಗೆ ಕಳಿಸಿದ್ದ ಒಂದು ವಾಯ್ಸ್ ಮೆಸೇಜು ಹಾಡುಗಳ ಜೊತೆ ಲ್ಯಾಪ್‌ಟಾಪಿಗೆ ಬಂದುಬಿಟ್ಟಿತ್ತು. ಸಾಫ್ಟ್‌ವೇರಿಗೆ ಅದೂ ಹಾಡೇ! ಅದರ ಬಿಪಿ ಅಳೆದು, ಸ್ವಲ್ಪ ಎಳೆದು, ದೇವಿಯ ಹಾಡಿನ ಬಾಲಕ್ಕೆ ನಾಜೂಕಾಗಿ ಸೇರಿಸಿತ್ತು. ಸ್ಪೀಕರ್‌ನಿಂದ ಅತ್ತೆಯ ದನಿ, ತಾಳಕ್ಕೆ ಸರಿಯಾಗಿ, ಬಂತು: "ಜಯಮ್ಮನ ಪುಳಿಯೋಗರೆಗೆ ಉಪ್ಪೇ ಇರಲ್ಲಾ..."

ಮೂವತ್ತು ವರ್ಷದ ಅಭ್ಯಾಸ ನೋಡಿ. ಹತ್ತು ಜನ ಕಣ್ಣು ಮುಚ್ಚಿಕೊಂಡು, ಭಕ್ತಿಯಿಂದ ತಿರುಗಿ ಹೇಳಿದರು: "ಜಯಮ್ಮನ ಪುಳಿಯೋಗರೆಗೆ ಉಪ್ಪೇ ಇರಲ್ಲಾ!"

ಹನ್ನೊಂದನೆಯವರು ಜಯಮ್ಮ. ಅವರು ಕಣ್ಣು ತೆರೆದರು. ಅತ್ತೆ ನಗುಮೊಗದಿಂದ ತಾಳ ಹಾಕುತ್ತಲೇ ಇದ್ದರು. ಆಗ ನನಗೆ ನಗು ಅರ್ಧಕ್ಕೇ ನಿಂತಿತು. ಇಷ್ಟು ಹತ್ತಿರದಲ್ಲಿ, ತಮ್ಮದೇ ದನಿ, ಅವರಿಗೆ ಕೇಳಿಸಿರಲಿಲ್ಲ. ಕಿವಿ ಅಷ್ಟು ಹೋಗಿದೆ ಎಂದು ನನಗೆ ತಿಳಿದಿರಲಿಲ್ಲ. ಜಯಮ್ಮನಿಗೂ ತಿಳಿದಿರಲಿಲ್ಲ ಎಂದು ಕಾಣುತ್ತದೆ. ಅವರು ಬೈಯಲು ತೆರೆದ ಬಾಯನ್ನು ಹಾಗೇ ಮುಚ್ಚಿ, ಅತ್ತೆಯನ್ನೇ ನೋಡುತ್ತ ಕೂತರು. ಹೋಗುವಾಗ "ಇನ್ನೊಂದು ಸುಕ್ರವಾರ ಐತೆ" ಎಂದಷ್ಟೇ ಹೇಳಿದರು.

ಮೂರನೆಯ ಶುಕ್ರವಾರಕ್ಕೆ, ಮಂಗಳವೂ ಮೆಸೇಜೂ ಪಟ್ಟಿಯಲ್ಲಿ ಎಲ್ಲಿ ಕೂತಿವೆ ಎಂದು ನಾನು ತೋರಿಸಿದ ಮೇಲೆ, ಅತ್ತೆ ಎಲ್ಲ ಹಾಡನ್ನೂ ತಾವೇ ಕೂತು ಪರೀಕ್ಷಿಸಿದರು. ಮಂಗಳ ಕಡೆಗೆ, ಪುಳಿಯೋಗರೆ ಹೊರಗೆ. ನಾನು ಸ್ಪೀಕರ್ ಪಕ್ಕದಲ್ಲಿ, ಗೋಡೆಗೆ ಒರಗಿ ಕೂತಿದ್ದೆ. ಎರಡು ಹಾಡು ಬೆಣ್ಣೆಯಂತೆ ಸಾಗಿದವು. ಮೂರನೆಯದರಲ್ಲಿ ನನ್ನ ಕಾಲು ಜೋಮು ಹಿಡಿಯಿತು. ಚಾಚಿದೆ. ಸ್ಪೀಕರ್‌ನ ತಂತಿ ನನ್ನ ಹೆಬ್ಬೆರಳಿಗೆ ಸಿಕ್ಕಿ ಕಳಚಿಕೊಂಡಿತು.

ಹಾಡು ನಿಂತಿತು. ಹಜಾರದಲ್ಲಿ ಉಳಿದದ್ದು ತಾಳದ ಸದ್ದು ಮಾತ್ರ. ಪರದೆಯ ಮೇಲೆ ಅಲೆ ಓಡುತ್ತಿತ್ತು, ಅತ್ತೆ ಅದಕ್ಕೆ ಒಂದೊಂದೇ ಏಟು ಹಾಕುತ್ತಿದ್ದರು. ಮುಖದಲ್ಲಿ ಎಂಥ ತೃಪ್ತಿ! ಹನ್ನೊಂದು ಜನ ಮೊದಲು ಸ್ಪೀಕರ್ ನೋಡಿದರು, ಆಮೇಲೆ ಅತ್ತೆಯನ್ನು ನೋಡಿದರು. ನಾಲ್ಕು ಏಟು ಹಾಗೇ ಬಿದ್ದವು. ನಾನು ಎಣಿಸಿದ್ದೇನೆ. ಕಳಚಿದ ತಂತಿಗೆ ಕೈ ಚಾಚಿದೆ.

ಜಯಮ್ಮ ನನ್ನ ಕಡೆ ತಿರುಗಿ, ಬೇಡ ಎಂದು ತಲೆಯಾಡಿಸಿದರು. ಮಂಡಿಯ ಮೇಲೆ ಸರಿದು ಅತ್ತೆಯ ಪಕ್ಕಕ್ಕೆ ಬಂದು, ಪರದೆಯಲ್ಲಿ ಹಾಡಿನ ಹೆಸರು ಓದಿಕೊಂಡು, ಐದನೆಯ ಏಟಿಗೆ ಸಾಲು ಎತ್ತಿದರು. ಉಳಿದ ಹತ್ತು ಜನ ತಿರುಗಿ ಹೇಳಿದರು. ಹಾಡು ಬದಲಾದಾಗ ಜಯಮ್ಮನ ದನಿಯೂ ತಡೆಯಿಲ್ಲದೆ ಮುಂದಿನ ಹಾಡಿಗೆ ಜಾರಿತು. ಹೀಗೆ ನಲವತ್ತು ನಿಮಿಷ, ಮಂಗಳದವರೆಗೆ. ಒಬ್ಬರೂ ತಾಳ ತಪ್ಪಲಿಲ್ಲ.

ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದ ಜಯಮ್ಮನ ಹತ್ತಿರ ಹೋಗಿ ಏನೋ ಹೇಳಲು ತೊದಲಿದೆ.

"ಅಯ್, ನಾನೇನಪ್ಪ ಮಾಡ್ದೆ? ಅಕ್ಕ ತಾಳ ಆಕಿದ್ರು, ನಾವು ಏಳಿದ್ವಿ" ಎಂದು ಹೊರಟರು. ತಾಳದ ಮಾತು ಎತ್ತಲೇ ಇಲ್ಲ.

ಒಳಗೆ ಬಂದಾಗ ಅತ್ತೆ ಲ್ಯಾಪ್‌ಟಾಪ್ ಮುಚ್ಚುತ್ತಿದ್ದರು. ನಾನು ತಂತಿಯನ್ನು ಸದ್ದಿಲ್ಲದೆ ಸುತ್ತಿಕೊಂಡೆ.

"ಇವತ್ತು ನಿನ್ ಸ್ಪೀಕರ್ ಭಾಳ ಚೆನ್ನಾಗಿತ್ತು ಕಣೋ" ಎಂದರು ಅತ್ತೆ. "ಎಷ್ಟೋ ದಿನ ಆದ್ಮೇಲೆ ನಂಗೆ ಜಯಮ್ಮನ ದನಿ ಕೇಳಿಸ್ತು. ಪಕ್ಕದಲ್ಲೇ ಕೂತು ಹಾಡ್ದಂಗಿತ್ತು. ವಾಲ್ಯೂಮ್ ಎಷ್ಟಿಟ್ಟಿದ್ಯೋ ಅಷ್ಟೇ ಇರ್ಲಿ. ಮುಟ್ಬೇಡ."

"ಇಲ್ಲ ಅತ್ತೆ, ಮುಟ್ಟಲ್ಲ" ಎಂದೆ, ಜೋರಾಗಿ.