ಮೂರನೇ ಕಿಟಕಿಯ ಸಮುದಾಯ

ನಮ್ಮ ಪಟ್ಟಣ ಕಚೇರಿಯ ಮೂರನೇ ಕಿಟಕಿಯ ಮುಂದೆ ನಿಂತಿರುವ ನಲವತ್ತೊಂದು ಮಂದಿ ಒಂದು ಸಮುದಾಯವೆಂದು ಕಳೆದ ತಿಂಗಳ ಹನ್ನೊಂದನೇ ತಾರೀಖು ಅಧಿಕೃತವಾಗಿ ಘೋಷಿಸಲಾಗಿದೆ. ಅದನ್ನು ಕಂಡುಹಿಡಿದವನು ನಾನು. ಇದರಲ್ಲಿ ಜಂಬವೇನಿಲ್ಲ, ಕಡತದಲ್ಲೇ ಇದೆ. ಕಡತ ಬರೆದವನೂ ನಾನೇ.

ಹಿನ್ನೆಲೆ ಹೀಗಿದೆ. ಮೇಲಿನ ಕಚೇರಿಯಿಂದ ಸುತ್ತೋಲೆ ಬಂದಿತ್ತು: ಪ್ರತಿ ಪಟ್ಟಣವೂ ತನ್ನ ಒಂದು ಸ್ಥಳೀಯ ಸಮುದಾಯದ ಕುರಿತು ಹತ್ತು ನಿಮಿಷದ ಸಾಕ್ಷ್ಯಚಿತ್ರ ತೆಗೆದು ತಿಂಗಳ ಕೊನೆಯೊಳಗೆ ಕಳಿಸತಕ್ಕದ್ದು. ಸಮುದಾಯ ಎಂದರೆ, ಒಂದೇ ಜಾಗದಲ್ಲಿ ಏಳು ವರ್ಷಕ್ಕೆ ಕಡಿಮೆಯಿಲ್ಲದೆ ನೆಲೆಸಿದ, ತನ್ನದೇ ರೀತಿನೀತಿಯುಳ್ಳ, ಒಬ್ಬ ಹಿರಿಯರ ಮಾತಿಗೆ ತಲೆಬಾಗುವ ಜನ. ಕ್ಯಾಮೆರಾ ಆಗಲೇ ಖರೀದಿಯಾಗಿ ಸಾಹೇಬರ ಮನೆ ಸೇರಿತ್ತು. ಅವರ ಮಗಳ ಮದುವೆಯಲ್ಲಿ ಅದನ್ನು ಕೂಲಂಕಷವಾಗಿ ಪರೀಕ್ಷಿಸಲಾಗಿತ್ತು. ಅದನ್ನು ಹಿಡಿಯಲು ಅತ್ಯಂತ ಅರ್ಹರನ್ನು ಊರೆಲ್ಲ ಹುಡುಕಿ, ಸಾಹೇಬರ ಭಾವಮೈದನನ್ನು ನೇಮಿಸಲಾಗಿತ್ತು. ಬಾಕಿ ಇದ್ದದ್ದು ಸಮುದಾಯ ಒಂದೇ.

ವಿಷಯ ಆಯ್ಕೆ ಸಮಿತಿ ಆರು ಸಲ ಸೇರಿತು. ಬುಟ್ಟಿ ಹೆಣೆಯುವವರ ಬೀದಿಗೆ ಹೋದರೆ, "ಕೈತುಂಬ ಕೆಲಸ ಇದೆ, ಆಮೇಲೆ ಬನ್ನಿ" ಎಂದರು. ಇಂಥ ಮಾತನ್ನು ಕಚೇರಿಯವರು ಹೇಳಬೇಕೇ ಹೊರತು ಕೇಳಿಸಿಕೊಳ್ಳಬಾರದೆಂದು ಅವರನ್ನು ಕೈಬಿಡಲಾಯಿತು. ದೋಣಿಯವರು ಸುಮ್ಮಸುಮ್ಮನೆ ನಗುತ್ತಾರೆ, ಸಾಕ್ಷ್ಯಚಿತ್ರಕ್ಕೆ ಒಗ್ಗುವುದಿಲ್ಲ ಎಂದು ಭಾವಮೈದ ತಳ್ಳಿಹಾಕಿದ. ಕೊನೆಗೆ ಹೆಡ್ ಕ್ಲರ್ಕ್ ತಮ್ಮ ಹೆಂಡತಿಯ ತವರಿನವರನ್ನು ಸೂಚಿಸಿದರು.

"ಇಪ್ಪತ್ತು ವರ್ಷದಿಂದ ನಮ್ಮ ಮನೇಲೇ ನೆಲೆಸಿದ್ದಾರೆ ಸಾರ್. ರೀತಿನೀತಿ ಅವರದ್ದೇ. ತಲೆ ಮಾತ್ರ ನಾನು ಬಾಗಿಸ್ತಾ ಇದೀನಿ."

ಸಾಹೇಬರು ಗಂಭೀರವಾಗಿ ಆಲೋಚಿಸಿ, ಆ ಲೆಕ್ಕದಲ್ಲಿ ತಮ್ಮ ಮನೆಯೂ ಅರ್ಹವೇ ಎಂದರು. ಸಭೆ ಮುಂದಕ್ಕೆ ಹೋಯಿತು.

ನಾನು ಆಗ ಬರೀ ದಿನಗೂಲಿ ನೌಕರ. ಆದರೆ ಹಳ್ಳಿಯಲ್ಲಿ ಬೆಳೆದವನು; ಇನ್ನೂರು ಕುರಿಯಲ್ಲಿ ಯಾವುದು ಯಾರದ್ದೆಂದು ಬಾಲ ನೋಡಿ ಹೇಳಿದವನು. ಪೇಟೆಯಲ್ಲಿ ಓದಿ ಕನ್ನಡಕ ಹಾಕಿಕೊಂಡವರಿಗೆ ಕಾಣದ್ದು ನನಗೆ ಒಂದೇ ನೋಟಕ್ಕೆ ಕಂಡಿತು. ಏಳನೇ ಸಭೆಯಲ್ಲಿ ಎದ್ದು ಬಾಗಿಲು ತೆರೆದು ಪಡಸಾಲೆ ತೋರಿಸಿದೆ.

"ಸಾರ್, ಇವರು ಯಾರು ಮತ್ತೆ?"

ಮೂರನೇ ಕಿಟಕಿಯ ಸಾಲು ಒಂಬತ್ತು ವರ್ಷದಿಂದ ಅಲ್ಲಿದೆ. ಜಾಗಕ್ಕೆ ಚೀಲ ಇಟ್ಟುಹೋದರೆ ಊಟದ ಹೊತ್ತಿನವರೆಗೆ ನಡೆಯುತ್ತದೆ, ಚಪ್ಪಲಿ ಬಿಟ್ಟುಹೋದರೆ ಮರುದಿನದವರೆಗೆ. ತೀರಿಕೊಂಡವರ ಜಾಗಕ್ಕೆ ಮಕ್ಕಳು ಬರುತ್ತಾರೆ. ಹದಿನಾಲ್ಕನೆಯವನೂ ಹದಿನೈದನೆಯವಳೂ ಅಲ್ಲೇ ನೋಡಿ, ಮೆಚ್ಚಿ, ಮದುವೆಯಾಗಿ, ಹದಿನಾಲ್ಕು-ಎ ಎಂಬ ಹೆಣ್ಣುಮಗು ಹುಟ್ಟಿದೆ. ಜಗಳ ಬಂದರೆ ಒಂದನೇ ನಂಬರಿನ ಹೊಲಿಗೆಯಕ್ಕನ ತೀರ್ಪೇ ಕೊನೆ.

ಈ ಅಕ್ಕನ ಕೆಲಸ ಸಣ್ಣದು. ಹೊಲಿಗೆ ಮಷೀನು ತುಳಿದೂ ತುಳಿದೂ ಅವರ ಮಂಡಿ ಸವೆದಿತ್ತು. ಮಷೀನಿಗೆ ಮೋಟಾರು ಕೂರಿಸಬೇಕು, ಮೋಟಾರಿಗೆ ಕರೆಂಟು ಬೇಕು, ಅಂಗಡಿಗೆ ಮೀಟರು ಹಾಕಿಸಲು ಸಾಹೇಬರ ಸಹಿ ಬೇಕು. ಒಂದೇ ಒಂದು ಸಹಿ. ಇನ್ನೊಂದು ವರ್ಷ ತುಳಿದರೆ ಆ ಕಾಲಿನ ಆಸೆ ಬಿಡಿ ಎಂದು ಡಾಕ್ಟರು ಹೇಳಿ ಹನ್ನೊಂದು ತಿಂಗಳಾಗಿತ್ತು.

ಸಮಿತಿ ಒಮ್ಮತದಿಂದ ಚಪ್ಪಾಳೆ ತಟ್ಟಿತು. ಅಂದೇ ಗೋಡೆಗೆ ಪ್ರಕಟಣೆ ಬಿತ್ತು: "ಈ ಸಮುದಾಯದ ಮೂಲ ಬದುಕಿಗೂ ರೀತಿನೀತಿಗೂ ಧಕ್ಕೆ ತರಕೂಡದು. ಆದ್ದರಿಂದ ಚಿತ್ರೀಕರಣ ಮುಗಿಯುವವರೆಗೆ ಇಲ್ಲಿ ಯಾರ ಅರ್ಜಿಯನ್ನೂ ಇತ್ಯರ್ಥಪಡಿಸತಕ್ಕದ್ದಲ್ಲ." ಕಚೇರಿ ಒಂಬತ್ತು ವರ್ಷ ಮೊದಲೇ ಇದನ್ನು ಪಾಲಿಸತೊಡಗಿದ್ದರಿಂದ ಸಿಬ್ಬಂದಿಗೆ ಹೊಸದಾಗಿ ತರಬೇತಿ ಬೇಕಾಗಲಿಲ್ಲ.

ಅಕ್ಕ ಓದಿ ನನ್ನ ಕಡೆ ತಿರುಗಿದರು. "ಏನೋ ತಮ್ಮಾ, ಹಾಗಾದ್ರೆ ನನ್ನ ಸಹಿ?"

"ಹತ್ತು ನಿಮಿಷದ ಚಿತ್ರ ಅಕ್ಕಾ, ಅಷ್ಟೇ."

"ಹತ್ತು ನಿಮಿಷ ಅಂತಲೇ ಈ ಕಿಟಕಿಯವನೂ ಹೇಳಿದ್ದು. ಆಗ ನನ್ನ ತಲೆಕೂದಲು ಕಪ್ಪಿತ್ತು."

ಚಿತ್ರೀಕರಣದ ಮೂರನೇ ದಿನ ಒಂದು ಅಚಾತುರ್ಯ ನಡೆಯಿತು. 'ಜನಸೇವೆಯಲ್ಲಿ ನಿರತರಾದ ಅಧಿಕಾರಿ' ಎಂಬ ದೃಶ್ಯ. ಸಾಹೇಬರು ಕಿಟಕಿಯ ಒಳಗೆ ಕೂತು ಒಂದು ಕಾಗದಕ್ಕೆ ಸಹಿ ಹಾಕುವಂತೆ ನಟಿಸಬೇಕಿತ್ತು. ಕೈಗೆ ಸಿಕ್ಕಿದ್ದು ಅಕ್ಕನ ಅರ್ಜಿ. ಪೆನ್ನಿನಲ್ಲಿ ಶಾಯಿ ಇರಬಹುದೆಂದು ಯಾರೂ ಊಹಿಸಿರಲಿಲ್ಲ.

ಸಾಹೇಬರು ಕಾಗದವನ್ನು ದೂರ ಹಿಡಿದು ನೋಡಿದರು. "ಇದು ನಂದೇನಾ?"

"ಆಗಿಹೋಯ್ತು ಸಾರ್" ಎಂದು ಹೆಡ್ ಕ್ಲರ್ಕ್ ಕುಸಿದು ಕೂತರು.

ಕಿಟಕಿಯಿಂದ ಅಕ್ಕನ ಕೈ ಒಳಗೆ ಬಂತು. "ಆಯ್ತಲ್ಲ, ಕೊಡಿ. ಅಂಗಡಿಗೆ ಹೋಗ್ತೀನಿ."

ಭಾವಮೈದ ತಲೆಮೇಲೆ ಕೈಹೊತ್ತ. "ಭಾವ, ಈಯಮ್ಮ ಹೋದ್ರೆ ಎರಡನೆಯವರು ಒಂದನೆಯವರಾಗ್ತಾರೆ, ಮೂರನೆಯವರು ಎರಡನೆಯವರಾಗ್ತಾರೆ. ಸಾಲು ಮುಂದಕ್ಕೆ ಹೋಗಿಬಿಡುತ್ತೆ! ನೆಲೆಸಿದ ಜನ ಅಂತ ಯಾವ ಬಾಯಲ್ಲಿ ಹೇಳ್ಲಿ?"

"ಹರಿದು ಹಾಕಿದ್ರಾಯ್ತು" ಎಂದರು ಹೆಡ್ ಕ್ಲರ್ಕ್.

"ಹರಿದ್ರೆ ಆ ದೃಶ್ಯಾನೂ ತೆಗೀಬೇಕು. ಅದರಲ್ಲಿ ಭಾವ ಹತ್ತು ವರ್ಷ ಚಿಕ್ಕೋರ ಹಾಗೆ ಕಾಣ್ತಾರೆ."

ಸಾಹೇಬರು ಕ್ಯಾಮೆರಾದಲ್ಲಿ ಎರಡು ಸಲ ನೋಡಿದರು. ಹರಿಯುವ ಮಾತು ಅಲ್ಲಿಗೆ ನಿಂತಿತು. ಎಲ್ಲರೂ ನನ್ನ ಮುಖ ನೋಡಿದರು. ನೋಡಲೇಬೇಕಲ್ಲ, ಇನ್ಯಾರಿದ್ದಾರೆ?

"ಸಾರ್, ಅರ್ಜಿದಾರರು ನೆಲೆಸಿರೋ ಜಾಗಕ್ಕೆ ಮೀಟರು ಕೊಡಬೇಕು ಅಂತ ನಿಯಮ. ನಮ್ಮ ಘೋಷಣೆ ಪ್ರಕಾರ ಅಕ್ಕ ನೆಲೆಸಿರೋದು ಎಲ್ಲಿ? ಇಲ್ಲಿ. ಇಲ್ಲಿಗೇ ಹಾಕಿಸಿ."

ಅಕ್ಕ ನನ್ನನ್ನು ಮೇಲಿಂದ ಕೆಳಗೆ ಅಳೆದರು. "ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ!" ಆಮೇಲೆ ಮಂಡಿ ಸವರಿಕೊಂಡು ಪಡಸಾಲೆಯ ಉದ್ದಗಲ ನೋಡಿದರು. "ಗಾಳಿ ಬರೋ ಕಡೆ ಕೊಡಿಸ್ತೀಯಾ? ಬಟ್ಟೆ ಕತ್ತರಿಸೋಕೆ ಮೇಜು? ದಿನಾ ಹೇಗಿದ್ರೂ ಇಲ್ಲೇ ಸಾಯ್ತೀನಿ. ಅಂಗಡಿ ಬಾಡಿಗೆಯಾದ್ರೂ ಉಳೀಲಿ."

ಎರಡೇ ದಿನದಲ್ಲಿ ಕಚೇರಿಯ ಗೋಡೆಗೆ ಅಕ್ಕನ ಹೆಸರಿನ ಮೀಟರು ಬಂತು. ಚಿತ್ರ ಮೇಲಿನವರಿಗೆ ಎಷ್ಟು ಹಿಡಿಸಿತೆಂದರೆ, ಆ ತಾತ್ಕಾಲಿಕ ಪ್ರಕಟಣೆಯನ್ನೇ ಕಾಯಂ ಆದೇಶ ಮಾಡಿ ಕಳಿಸಿದರು. ಸಾಹೇಬರು ಸಹಿ ಹಾಕಿದರು. ಈಗ ಇಲ್ಲಿ ಅರ್ಜಿ ಇತ್ಯರ್ಥ ಮಾಡಿದರೆ ಅದು ಜನರನ್ನು ಒಕ್ಕಲೆಬ್ಬಿಸಿದಂತೆ, ಶಿಕ್ಷೆಯುಂಟು. ಸಾಲಿನವರು ತಕರಾರು ಮಾಡಲಿಲ್ಲ. ಬೋರ್ಡು ಬಂದಿದೆ, ನೀರಿನ ನಲ್ಲಿ ಬಂದಿದೆ, ನೋಡಲು ಶಾಲೆಯ ಮಕ್ಕಳು ಬರುತ್ತಾರೆ. ಹೊರಗಿನವರು ಸಾಲಿಗೆ ಸೇರಲು ಶಿಫಾರಸು ಪತ್ರ ಹಿಡಿದು ಬರುತ್ತಿದ್ದಾರೆ. ಅದನ್ನು ಪರಿಶೀಲಿಸುವ ಸಮುದಾಯ ಸಂರಕ್ಷಣಾಧಿಕಾರಿ ನಾನು. ಕಾಯಂ.

ಮೊನ್ನೆ ಸಾಹೇಬರು ಕೈಯಲ್ಲಿ ಪ್ಯಾಂಟು ಹಿಡಿದು ಬಂದರು. ಸಂಜೆ ಚಿತ್ರಕ್ಕೆ ಬಹುಮಾನ ತೆಗೆದುಕೊಳ್ಳಲು ಹೋಗಬೇಕು, ಸೊಂಟಕ್ಕೆ ಹತ್ತುತ್ತಿಲ್ಲ. ಅಕ್ಕ ನೋವಿನ ಕಾಲು ನೀಡಿಕೊಂಡು, ಇನ್ನೊಂದು ಕಾಲಿನ ಹೆಬ್ಬೆರಳಲ್ಲಿ ಮೋಟಾರಿನ ಪೆಡಲು ಒತ್ತುತ್ತಿದ್ದರು. ಮೋಟಾರು ಗುಂಯ್‌ಗುಡುತ್ತಿತ್ತು.

"ಎರಡು ಹೊಲಿಗೆ ಬಿಚ್ಚೋದಷ್ಟೇ ಅಮ್ಮ. ಐದು ನಿಮಿಷದ ಕೆಲಸ."

"ಗೊತ್ತು ಸಾರ್" ಎಂದರು ಅಕ್ಕ, ಬಟ್ಟೆಯಿಂದ ಕಣ್ಣೆತ್ತದೆ. "ಸಾಲಿದೆ."

ಸಾಹೇಬರು ಗೋಡೆಯ ಮೇಲಿನ ಆದೇಶ ಓದಿದರು, ಕೆಳಗಿದ್ದ ತಮ್ಮ ಸಹಿಯನ್ನೂ ಓದಿದರು. ಹೋಗಿ ಸಾಲಿನ ಕೊನೆಯಲ್ಲಿ ನಿಂತರು. ನಾನು ರಿಜಿಸ್ಟರು ತೆಗೆದು, ಜನಸಂಖ್ಯೆ ನಲವತ್ತೆರಡು ಎಂದು ತಿದ್ದಿದೆ.